ನಮ್ಮ ಹಬ್ಬಗಳಲ್ಲಿ ನೆರೆಯವರ ಪಾಲು, ಮೂಕಪ್ರಾಣಿಗಳ ಪಾಲು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಇಗರ್ಜಿಯ ಕಟ್ಟಡ ಎದ್ದು ನಿಂತ ಕಥೆಯನ್ನೂ, ಇಲ್ಲಿ ಸೇವೆ ಸಲ್ಲಿಸಿದ ಧರ್ಮಗುರುಗಳ ಪರಿಚಯವನ್ನೂ ಬಲ್ಲವರು ಬರೆಯಲಿದ್ದಾರೆ. ಗಂಟೆಯ ತೂಕ, ಗೋಪುರದ ಎತ್ತರ, ದಾನಿಗಳ ಹೆಸರು ಇವೆಲ್ಲ ದಾಖಲೆಗಳಲ್ಲಿ ದೊರೆಯುತ್ತವೆ. ಆದರೆ ಯಾವ ಪುಸ್ತಕದಲ್ಲಿಯೂ ಬರೆದಿಡದ ಒಂದು ಲೆಕ್ಕವಿದೆ. ಹಬ್ಬದ ದಿನ ನಮ್ಮ ಮನೆಗಳಿಂದ ನೆರೆಮನೆಗಳಿಗೆ ಹೋಗುತ್ತಿದ್ದ ತಟ್ಟೆಗಳ ಲೆಕ್ಕ, ಅದೇ ದಿನ ಹಟ್ಟಿಗೆ ಹೋಗುತ್ತಿದ್ದ ಬೈಹುಲ್ಲಿನ ಲೆಕ್ಕ ಅದು. ಅದನ್ನು ಕಣ್ಣಾರೆ ಕಂಡವರು ನಮ್ಮ ಧರ್ಮಕೇಂದ್ರದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ನಾವು ಕಂಡಷ್ಟನ್ನು, ಹಿರಿಯರ ಬಾಯಿಂದ ಕೇಳಿದಷ್ಟನ್ನು, ಓದಿ ತಿಳಿದಷ್ಟನ್ನು ಇಲ್ಲಿ ಬರೆದಿಡಲು ಮನಸ್ಸು ಮಾಡಿದ್ದೇವೆ.

ಹಬ್ಬದ ಸಂತೋಷದಲ್ಲಿ ಪ್ರಾಣಿಗಳಿಗೂ ಪಾಲು ಸಲ್ಲಬೇಕೆಂದು ಬಾಯಿಬಿಟ್ಟು ಹೇಳಿದವರು ಅಸಿಸಿಯ ಸಂತ ಫ್ರಾನ್ಸಿಸರು. 1223ನೆಯ ಇಸವಿಯ ಕ್ರಿಸ್ತಜಯಂತಿಗೆ ಸುಮಾರು ಹದಿನೈದು ದಿನ ಮುಂಚಿತವಾಗಿ ಅವರು ಇಟಲಿಯ ಗ್ರೆಚ್ಚಿಯೊ ಎಂಬ ಬೆಟ್ಟದೂರಿನ ಯೊವಾನ್ನಿ ಎಂಬ ತಮ್ಮ ಆಪ್ತಮಿತ್ರನನ್ನು ಕರೆಸಿಕೊಂಡು, ಒಂದು ಗೋದಲಿ, ಅದರ ತುಂಬ ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟನ್ನು ಸಿದ್ಧಪಡಿಸಬೇಕೆಂದು ಕೇಳಿಕೊಂಡರು. ಬೆತ್ಲೆಹೇಮಿನಲ್ಲಿ ಜನಿಸಿದ ಶಿಶುವು ಎಂತಹ ಕೊರತೆಯ ನಡುವೆ ಮಲಗಿತ್ತೆಂಬುದನ್ನು ಕಣ್ಣಿನಿಂದಲೇ ನೋಡಬೇಕೆಂಬುದು ಅವರ ಬಯಕೆಯಾಗಿತ್ತು. ಮಿತ್ರನು ಹೇಳಿದಂತೆ ಮಾಡಿದನು. ಆ ರಾತ್ರಿ ಸುತ್ತಲಿನ ಜನರು ಮೇಣದ ಬತ್ತಿ, ಪಂಜುಗಳನ್ನು ಹಿಡಿದು ಕಾಡುಹಾದಿಯಲ್ಲಿ ನಡೆದು ಬಂದರು. ಗೋದಲಿಯ ಬಳಿಯಲ್ಲಿಯೇ ಬಲಿಪೂಜೆ ನಡೆಯಿತು. ಗುರುಪಟ್ಟ ಪಡೆಯದೆ ಉಪಯಾಜಕರಾಗಿಯೇ ಉಳಿದಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ, ನೆರೆದವರಿಗೆ ಪ್ರಬೋಧನೆ ನೀಡಿದರು.

ಅವರ ಜೀವನಚರಿತ್ರೆಯನ್ನು ಮೊದಲು ಬರೆದ ಚೆಲಾನೊದ ತೋಮಸರು ಈ ಸಂಗತಿಯನ್ನು ವಿವರವಾಗಿ ದಾಖಲಿಸಿದ್ದಾರೆ. ಅವರ ಬರಹದಲ್ಲಿ ಬಣ್ಣದ ಪ್ರತಿಮೆಗಳ ಪ್ರಸ್ತಾಪವೇ ಇಲ್ಲ. ಅಲ್ಲಿದ್ದುದು ಹುಲ್ಲು, ಗೋದಲಿ ಮತ್ತು ಉಸಿರಾಡುವ ಎರಡು ಪ್ರಾಣಿಗಳು. ಲೂಕನ ಶುಭಸಂದೇಶದಲ್ಲಿ ಶಿಶುವನ್ನು ಗೋದಲಿಯಲ್ಲಿ ಮಲಗಿಸಿದ ಸಂಗತಿ ಇದೆಯಾದರೂ ಎತ್ತು ಕತ್ತೆಗಳ ಹೆಸರು ಎಲ್ಲಿಯೂ ಬರುವುದಿಲ್ಲ. ತನ್ನ ಒಡೆಯನನ್ನು ಬಲ್ಲ ಎತ್ತಿನ ಮಾತು, ಒಡೆಯನ ಗೋದಲಿಯನ್ನು ಬಲ್ಲ ಕತ್ತೆಯ ಮಾತು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಅದನ್ನು ಆಧರಿಸಿ ಆದಿಕಾಲದ ಕ್ರೈಸ್ತರು ಈ ಎರಡು ಪ್ರಾಣಿಗಳನ್ನು ಬೆತ್ಲೆಹೇಮಿನ ಹಟ್ಟಿಗೆ ಕರೆತಂದರು. ಒಮ್ಮೆ ಒಳಗೆ ಬಂದ ಅವು ಇಂದಿನವರೆಗೂ ಹೊರಗೆ ಹೋಗಿಲ್ಲ.

ತೋಮಸರು ಇನ್ನೂ ಎರಡು ಸಂಗತಿಗಳನ್ನು ಹೇಳುತ್ತಾರೆ. ಕ್ರಿಸ್ತಜಯಂತಿಯು ಒಂದು ವರ್ಷ ಶುಕ್ರವಾರ ಬಿದ್ದುದರಿಂದ ಅಂದು ಮಾಂಸ ತಿನ್ನಬಹುದೇ ಎಂಬ ಚರ್ಚೆ ಸೋದರರಲ್ಲಿ ಎದ್ದಿತಂತೆ. ಆಗ ಫ್ರಾನ್ಸಿಸರು, ಇಂತಹ ದಿನ ಗೋಡೆಗಳೂ ಮಾಂಸ ತಿನ್ನಬೇಕು, ತಿನ್ನಲಾರವಾದರೆ ಅವುಗಳ ಮೇಲಾದರೂ ಸವರಬೇಕು ಎಂಬರ್ಥದ ಮಾತನ್ನಾಡಿದರಂತೆ. ಸದಾ ಉಪವಾಸದಲ್ಲಿದ್ದ ಬಡ ಸನ್ಯಾಸಿಯ ಬಾಯಲ್ಲಿ ಬಂದ ಮಾತಿದು. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ತಮಗೇನಾದರೂ ಚಕ್ರವರ್ತಿಯ ಭೇಟಿ ಸಾಧ್ಯವಾದರೆ ಒಂದು ರಾಜಾಜ್ಞೆಯನ್ನು ಹೊರಡಿಸಲು ಬೇಡುವೆನೆಂದು ಅವರು ಹೇಳುತ್ತಿದ್ದರು. ಶಕ್ತಿಯುಳ್ಳವರೆಲ್ಲ ಕ್ರಿಸ್ತಜಯಂತಿಯಂದು ದಾರಿಗಳಲ್ಲಿ ಗೋಧಿಯನ್ನೂ ಇತರ ಧಾನ್ಯಗಳನ್ನೂ ಚೆಲ್ಲಬೇಕು, ಹಕ್ಕಿಗಳು ಹೊಟ್ಟೆ ತುಂಬ ತಿನ್ನಬೇಕು. ಬಡವರು ಉಳ್ಳವರ ಮನೆಯಲ್ಲಿ ಉಣ್ಣಬೇಕು. ಎತ್ತು ಕತ್ತೆಗಳಿಗೆ ಅಂದು ಎಂದಿಗಿಂತ ಹೆಚ್ಚು ಮೇವು ಸಿಗಬೇಕು. 1226ರ ಅಕ್ಟೋಬರ್ 3ರ ಸಂಜೆ ತೀರಿಕೊಂಡ ಅವರಿಗೆ ಆ ಆಜ್ಞೆಯನ್ನು ಕಾಣುವ ಭಾಗ್ಯವಿರಲಿಲ್ಲ. ಯಾವ ಚಕ್ರವರ್ತಿಯೂ ಅದನ್ನು ಹೊರಡಿಸಲಿಲ್ಲ.

ಗ್ರೆಚ್ಚಿಯೊದ ಹೆಸರನ್ನು ನಮ್ಮ ತಾಯಂದಿರು ಕೇಳಿದವರಲ್ಲ. ಚಕ್ರವರ್ತಿಯ ಆಜ್ಞೆಯೂ ಅವರಿಗೆ ಬೇಕಾಗಿರಲಿಲ್ಲ. ಬೇಸಾಯದ ಮನೆಯಲ್ಲಿ ಹಬ್ಬವೆಂದರೆ ಮೊದಲು ಹಟ್ಟಿಯ ಕೆಲಸ ಮುಗಿಯಬೇಕು. ನಡುರಾತ್ರಿಯ ಪೂಜೆಗೆ ಹೊರಡುವ ಮುನ್ನ ಹಾಲು ಕರೆದು, ಅಕ್ಕಚ್ಚು ಕೊಟ್ಟು, ರಾತ್ರಿಗೆಂದು ಬೈಹುಲ್ಲನ್ನು ಹಾಕಬೇಕು. ನಾವು ಬಾಲಕರಾಗಿದ್ದ 1950ರ ದಶಕದ ಕೊನೆಯಲ್ಲಿ ನಮ್ಮ ಮನೆಯ ಪದ್ಧತಿಯೇನೆಂದರೆ, ನತಾಲಿನ ರಾತ್ರಿ ಆ ಹುಲ್ಲು ದಿನಕ್ಕಿಂತ ಒಂದು ಸೂಡಿ ಹೆಚ್ಚಾಗಿರುತ್ತಿತ್ತು. ಏಕೆಂದು ಕೇಳಿದರೆ, ಅವುಗಳಿಗೂ ಇವತ್ತು ಹಬ್ಬ ಎಂದಷ್ಟೇ ಅಜ್ಜಿಯ ಉತ್ತರ. ಅನಂತರ ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು ಗದ್ದೆಯ ಹುಣಿಯ ಮೇಲೆ ಸಾಲಾಗಿ ಇಗರ್ಜಿಯತ್ತ ನಡೆಯುತ್ತಿದ್ದೆವು. ಮನೆಯ ನಾಯಿ ಅರ್ಧ ದಾರಿಯವರೆಗೆ ಬಂದು, ಗದರಿಸಿದ ಮೇಲೆ ಹಿಂತಿರುಗುತ್ತಿತ್ತು. ಕೆಲವೊಮ್ಮೆ ಗದರಿಕೆಯನ್ನು ಲೆಕ್ಕಿಸದೆ ಇಗರ್ಜಿಯ ಬಾಗಿಲ ತನಕ ಬಂದು, ಪೂಜೆ ಮುಗಿಯುವವರೆಗೆ ಚಪ್ಪಲಿಗಳ ನಡುವೆ ಮಲಗಿರುತ್ತಿತ್ತು.

ನಮ್ಮ ಕರಾವಳಿಯ ಕ್ರೈಸ್ತರ ಹಬ್ಬಗಳ ಪೈಕಿ ಹಂಚಿಕೆಯ ಗುಣ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ. ಕನ್ಯಾಮರಿಯಮ್ಮನವರ ಜನ್ಮದಿನವಾದ ಈ ಹಬ್ಬವು ಪ್ರಪಂಚದ ಎಲ್ಲ ಕಥೋಲಿಕ ಇಗರ್ಜಿಗಳಲ್ಲಿ ಇದೆಯಾದರೂ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ಸಂಪ್ರದಾಯ ನಮ್ಮದು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವೆಯ ಧರ್ಮಗುರುಗಳಾದ ಜೋಕಿಂ ಮಿರಾಂದರು 1763ರಲ್ಲಿ ಈ ಹಬ್ಬಕ್ಕೆ ಇಂದಿನ ರೂಪವನ್ನು ಕೊಟ್ಟರೆಂದು ಹೇಳಲಾಗುತ್ತದೆ. ಗೋವೆಯಲ್ಲಿಯೂ ತೆನೆಯ ಹಬ್ಬವುಂಟು. ಅಲ್ಲಿ ರಾಯ್ ಎಂಬ ಊರಿನಲ್ಲಿ ಆಗಸ್ಟ್ 5ರಂದು ಅದನ್ನು ಆಚರಿಸುತ್ತಾರೆ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು ಮರಳಿ ಬಂದು, ಪಾಳುಬಿದ್ದ ಗದ್ದೆಗಳನ್ನು ಮತ್ತೆ ಉತ್ತ ನಮ್ಮ ಪೂರ್ವಜರ ಕೈಯಲ್ಲಿ ಮೊದಲ ತೆನೆಯ ಬೆಲೆ ಏನಾಗಿದ್ದೀತೆಂಬುದನ್ನು ಓದುಗರೇ ಊಹಿಸಬಹುದು.

ಆಗಸ್ಟ್ 30ರಿಂದ ಮಕ್ಕಳು ದಿನವೂ ಹೂ ಕೊಯ್ದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಆ ಹೂಗಳು ಎಲ್ಲಿಂದ ಬರುತ್ತಿದ್ದವು? ನಮ್ಮ ಅಂಗಳದ ಗಿಡಗಳು ಎರಡು ದಿನಕ್ಕೆ ಬರಿದಾಗುತ್ತಿದ್ದವು. ಉಳಿದ ಏಳು ದಿನ ನಾವು ಕೈಚಾಚುತ್ತಿದ್ದುದು ಶೆಟ್ಟರ, ಪೂಜಾರಿಗಳ, ಭಟ್ಟರ ಅಂಗಳಗಳಿಗೆ. ಅವರ ಮನೆಯ ಮಕ್ಕಳೂ ಬುಟ್ಟಿ ಹಿಡಿದು ನಮ್ಮೊಡನೆ ಬೇಲಿಯಿಂದ ಬೇಲಿಗೆ ಅಲೆಯುತ್ತಿದ್ದರು. ಹಬ್ಬದ ದಿನ ಇಗರ್ಜಿಯಲ್ಲಿ ಕೊಟ್ಟ ಕಬ್ಬಿನ ತುಂಡಿನಲ್ಲಿ ಅವರ ಪಾಲನ್ನು ಉಳಿಸಿ ತರದಿದ್ದರೆ ಮರುದಿನ ಶಾಲೆಯ ದಾರಿಯಲ್ಲಿ ಉತ್ತರ ಹೇಳಬೇಕಾಗುತ್ತಿತ್ತು.

ಹಬ್ಬದ ಮಧ್ಯಾಹ್ನದ ಊಟ ಬಾಳೆಯೆಲೆಯಲ್ಲಿ. ಮೀನು ಮಾಂಸ ಸಲ್ಲದು. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯ ತರಕಾರಿಗಳಾಗಬೇಕು. ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಅಮಟೆಕಾಯಿ ಇವೆಲ್ಲ ಆ ಋತುವಿನಲ್ಲಿ ಹಿತ್ತಿಲಲ್ಲೇ ಸಿಗುವಂಥವು. ಆಶೀರ್ವದಿಸಿದ ತೆನೆಯ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆಯ ನಂತರ ಎಲ್ಲರಿಗೂ ಹಂಚುತ್ತಾರೆ. ಬೊಂಬಾಯಿಯಲ್ಲಿದ್ದ ಮಗನಿಗೆ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳುಹಿಸಿದ ತಾಯಂದಿರನ್ನು ನಾವು ಬಲ್ಲೆವು. ಅದೇ ಹಂಗಾಮಿನಲ್ಲಿ ನಮ್ಮ ತುಳು ನೆರೆಯವರು ಕದಿರು ತಂದು ಮನೆಯ ಕಂಬಕ್ಕೆ, ನೇಗಿಲಿಗೆ ಕಟ್ಟಿ, ಪುದ್ವಾರ್ ಎಂದು ಹೊಸಕ್ಕಿಯ ಊಟ ಮಾಡುತ್ತಾರೆ. ಒಂದೇ ಬಯಲಿನ ಭತ್ತ, ಒಂದೇ ಹೊಳೆಯ ನೀರು. ಅವರ ಪುದ್ವಾರಿಗೆ ನಮಗೆ ಕರೆ ಬರುತ್ತಿತ್ತು, ನಮ್ಮ ಪಾಯಸ ಅವರ ಮನೆಗೆ ಹೋಗುತ್ತಿತ್ತು. ದೀಪಾವಳಿಯಂದು ಅವರ ಹಟ್ಟಿಯ ದನಗಳಿಗೆ ಮೈ ತೊಳೆದು, ಹೂಮಾಲೆ ಹಾಕಿ, ತಿನ್ನಿಸುವುದನ್ನು ನೋಡಲು ನಾವು ಓಡುತ್ತಿದ್ದೆವು. ನಮ್ಮ ಹಸುವಿಗೇಕೆ ಮಾಲೆಯಿಲ್ಲವೆಂದು ಅತ್ತ ತಂಗಿಯ ಕೈಗೆ ನೆರೆಮನೆಯ ಅಜ್ಜಿ ಚೆಂಡುಹೂವಿನ ಮಾಲೆಯೊಂದನ್ನು ಕೊಟ್ಟು ಕಳುಹಿಸಿದ್ದುಂಟು. ನಮ್ಮ ಹಸು ಅದನ್ನು ಧರಿಸುವ ಬದಲು ತಿಂದುಬಿಟ್ಟಿತು.

ಇನ್ನು ನತಾಲಿನ ಕುಸ್ವಾರಿನ ಮಾತು. ಗೋವೆಯವರು ಇದೇ ತಿಂಡಿಯ ತಟ್ಟೆಯನ್ನು ಪೋರ್ತುಗೀಸ್ ಮಾತಿನಲ್ಲಿ ಕೊನ್ಸುವಾದ್ ಎನ್ನುತ್ತಾರೆ. ಆ ಭಾಷೆಯಲ್ಲಿ ಅದು ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ಊಟದ ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಎಳ್ಳುಂಡೆ ಇವನ್ನು ಮಾಡಲು ಒಂದು ವಾರ ಹಿಡಿಯುತ್ತಿತ್ತು. ಒಂದು ಮನೆಯ ಕೈಗಳು ಸಾಲುತ್ತಿರಲಿಲ್ಲವಾದ್ದರಿಂದ ಇಂದು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಎಂದು ಹೆಂಗಸರು ಸೇರುತ್ತಿದ್ದರು. ಕಿಡಿಯೊ ಸುತ್ತಲು ಹೊಸ ಬಾಚಣಿಗೆಯೊಂದನ್ನು ವರ್ಷವಿಡೀ ತೆಗೆದಿರಿಸಿರುತ್ತಿದ್ದರು. ನಮ್ಮ ಅಭಿಪ್ರಾಯದಲ್ಲಿ ತಟ್ಟೆ ಹಂಚುವ ಸಂತೋಷಕ್ಕಿಂತಲೂ ಈ ಸಂಜೆಗಳ ಸಂತೋಷವೇ ದೊಡ್ಡದಾಗಿತ್ತು. ಮದುವೆಯ ಮಾತುಕತೆ, ಹೊಸದಾಗಿ ಈದ ಹಸುವಿನ ಹಾಲಿನ ಲೆಕ್ಕ, ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತೆಂಬ ಸುದ್ದಿ ಎಲ್ಲವೂ ಅಲ್ಲಿಯೇ ಹಂಚಿಕೆಯಾಗುತ್ತಿದ್ದವು. ಬೆಕ್ಕಿನ ಮರಿಗಳು ಯಾವ ಯಾವ ಮನೆಗೆ ಹೋಗಬೇಕೆಂಬುದೂ ಅಲ್ಲಿಯೇ ನಿಶ್ಚಯವಾಗುತ್ತಿತ್ತು. ಪ್ರಾಣಿಯನ್ನು ಹಣಕೊಟ್ಟು ತರುವ ಮಾತು ದನ ಕೋಣಗಳಿಗೆ ಮಾತ್ರ. ನಾಯಿಮರಿ, ಬೆಕ್ಕಿನ ಮರಿ ಇವು ಸ್ನೇಹದ ಮೇಲೆ ಬರುವಂಥವು. ದನವನ್ನೂ ಕೊಳ್ಳಲಾರದ ಬಡವರಿಗೆ ಪಾಲಿಗೆ ಸಾಕಲು ಕೊಡುವ ಏರ್ಪಾಡಿತ್ತು. ಹುಟ್ಟಿದ ಕರುಗಳಲ್ಲಿ ಒಡೆಯನಿಗೊಂದು, ಸಾಕಿದವನಿಗೊಂದು.

ಈ ಸಂದರ್ಭದಲ್ಲಿ ನಮ್ಮ ಮನೆಯ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆವು. ಒಂದು ಮಳೆಗಾಲದಲ್ಲಿ ಗದ್ದೆಯಾಚೆಯ ನೆರೆಯವರು ನಮಗೊಂದು ಕೆಂದು ಬಣ್ಣದ ನಾಯಿಮರಿಯನ್ನು ಕೊಟ್ಟಿದ್ದರು. ನಮ್ಮ ತಂದೆಗೆ ಅವರು ಬಾಲ್ಯದ ಗೆಳೆಯರು. ಮರಿ ಬೆಳೆದು ತುಂಟತನ ಕಲಿತು, ಡಿಸೆಂಬರ್ ತಿಂಗಳ ಒಂದು ದಿನ ಅದೇ ಮನೆಯ ಐದು ಹೇಂಟೆಗಳನ್ನು ಕೊಂದುಹಾಕಿತು. ಹುಟ್ಟಿದ ಮನೆಗೇ ಎರಡು ಬಗೆಯಿತೆಂದು ಅವರು ಹೇಳಿದ ಮಾತು, ಕೋಳಿಯನ್ನು ಮುಚ್ಚಿಡಬೇಕಿತ್ತೆಂದು ನಮ್ಮ ತಂದೆ ಹೇಳಿದ ಮಾತು, ಎರಡೂ ಸೇರಿ ಇಬ್ಬರ ನಡುವೆ ಮಾತು ನಿಂತಿತು. ನತಾಲ್ ಬಂತು. ತಾಯಿ ಎಂದಿನಂತೆ ತಟ್ಟೆಗಳನ್ನು ಜೋಡಿಸಿ, ಬಾಳೆಯೆಲೆ ಮುಚ್ಚಿ, ಯಾವುದು ಯಾವ ಮನೆಗೆಂದು ಮಕ್ಕಳಿಗೆ ಹೇಳುತ್ತ ಬಂದರು. ಕೊನೆಗೊಂದು ತಟ್ಟೆ ಮೇಜಿನ ಮೇಲೆ ಉಳಿಯಿತು. ಅದು ಯಾರಿಗೆಂದು ಅವರೂ ಹೇಳಲಿಲ್ಲ, ತಂದೆಯೂ ಕೇಳಲಿಲ್ಲ. ಸಂಜೆಯವರೆಗೆ ಅದು ಹಾಗೆಯೇ ಇತ್ತು. ಕತ್ತಲಾದ ಮೇಲೆ ತಂದೆ ಲಾಟೀನು ಹೊತ್ತಿಸಿ, ತಟ್ಟೆಯನ್ನೆತ್ತಿಕೊಂಡು ತಾವೇ ಹೊರಟರು. ನಾವು ಹಿಂದೆ ಹಿಂದೆ ಹೋದೆವು. ಅಂಗಳದಲ್ಲಿ ನಿಂತ ನಮ್ಮನ್ನು ಕಂಡು ಆ ಹಿರಿಯರು, "ಒಳಗೆ ಬನ್ನಿ ಪೊರ್ಬುಳೇ, ಬಾಲೆಯನ್ನು ಮಂಜಿನಲ್ಲಿ ನಿಲ್ಲಿಸಬೇಡಿ" ಎಂದಷ್ಟೇ ಹೇಳಿದರು. ಕೋಳಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ನಮ್ಮ ಊರಿನಲ್ಲಿ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯಿಲ್ಲ, ಸಕ್ಕರೆಯನ್ನೋ ಹೂವನ್ನೋ ಹಾಕಿ ಕೊಡುವುದು ಕ್ರಮ. ಆ ರಾತ್ರಿ ಅವರ ಮನೆಯಾಕೆ ತಟ್ಟೆಯಲ್ಲಿ ಎರಡು ಮೊಟ್ಟೆಗಳನ್ನಿಟ್ಟು ಕೊಟ್ಟರು. ಉಳಿದ ಕೋಳಿಗಳ ಮೊಟ್ಟೆಗಳು ಅವು. ನಾಯಿಗೆ ಮುಂದೆ ಸರಪಳಿ ಬಿತ್ತೆಂಬುದು ಬೇರೆ ಮಾತು.

ಪ್ರಾಣಿಗಳನ್ನು ಆಶೀರ್ವದಿಸುವ ಪದ್ಧತಿಯ ಬಗ್ಗೆಯೂ ಎರಡು ಮಾತು ಅಗತ್ಯ. ಇದಕ್ಕೆ ಹಳೆಯ ದಿನ ಜನವರಿ 17, ಮಠಾಧಿಪತಿ ಸಂತ ಅಂತೋಣಿಯವರ ಹಬ್ಬ. ನಮ್ಮ ಜನ ಜೂನ್ 13ರಂದು ಗೌರವಿಸುವ, ಕಳೆದ ವಸ್ತುಗಳನ್ನು ಹುಡುಕಿಕೊಡುವ ಪಾದುವದ ಅಂತೋಣಿಯವರು ಬೇರೆ. ಇವರು ಐಗುಪ್ತ ದೇಶದ ಮರುಭೂಮಿಯಲ್ಲಿ ತಪಸ್ಸು ಮಾಡಿ 356ರಲ್ಲಿ ತೀರಿಕೊಂಡವರು. ಚಿತ್ರಗಳಲ್ಲಿ ಇವರ ಕಾಲ ಬಳಿ ಹಂದಿಯೊಂದಿರುತ್ತದೆ. 11ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಇವರ ಹೆಸರಿನಲ್ಲಿ ಆರಂಭವಾದ ಸೋದರರ ಸಂಘವು ಚರ್ಮದುರಿಯ ರೋಗಿಗಳನ್ನು ಉಪಚರಿಸುತ್ತಿತ್ತು. ಆ ಸಂಘದ ಹಂದಿಗಳು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಬೀದಿಗಳಲ್ಲಿ ನಿರಾತಂಕವಾಗಿ ತಿರುಗಬಹುದಾಗಿತ್ತು, ಊರಿನ ಜನ ಅವಕ್ಕೆ ತಿನ್ನಲು ಕೊಡುತ್ತಿದ್ದರು. ಹೀಗೆ ಅವರು ಸಾಕುಪ್ರಾಣಿಗಳ ಪಾಲಕರಾದರು. ಸಭೆಯ ಹಳೆಯ ಸಂಸ್ಕಾರಗ್ರಂಥದಲ್ಲಿ ಕುದುರೆ ದನಗಳಿಗೆ ಮಾತ್ರವಲ್ಲದೆ ಜೇನ್ನೊಣಕ್ಕೂ ರೇಷ್ಮೆಹುಳುವಿಗೂ ಆಶೀರ್ವಾದದ ಪ್ರಾರ್ಥನೆಗಳಿದ್ದವು. 1984ರಲ್ಲಿ ಪರಿಷ್ಕೃತವಾಗಿ ಬಂದ ಆಶೀರ್ವಾದಗಳ ಗ್ರಂಥದಲ್ಲಿಯೂ ಪ್ರಾಣಿಗಳಿಗೆ ಸ್ಥಾನವಿದೆ. 1979ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು, ಮುಂದೆ 1986ರಲ್ಲಿ ಮಂಗಳೂರಿಗೂ ಬಂದು ಹೋದ ಆ ಮಹನೀಯರು, ಅಸಿಸಿಯ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಸಾರಿದರು. ಇಂದು ಅನೇಕ ದೇಶಗಳಲ್ಲಿ ಅಕ್ಟೋಬರ್ 4ರ ಅವರ ಹಬ್ಬದಂದು ಜನ ತಮ್ಮ ನಾಯಿ ಬೆಕ್ಕುಗಳನ್ನು ಇಗರ್ಜಿಗೆ ಕರೆತರುತ್ತಾರೆ. ಇದನ್ನು ಕೇಳಿ ನಗುವವರು ನಮ್ಮಲ್ಲಿದ್ದಾರೆ. ನಮ್ಮ ಇಗರ್ಜಿಯ ವಾರ್ಷಿಕ ಹಬ್ಬದ ಏಲಂನಲ್ಲಿ ಹರಕೆಯ ಹುಂಜ ಕೂಗುತ್ತಿದ್ದಾಗ ಅವರಾರೂ ನಕ್ಕಿರಲಿಲ್ಲ.

ಸತ್ಯಕ್ಕೆ ಅಪಚಾರವಾಗಬಾರದೆಂದು ಇನ್ನೊಂದನ್ನು ಒಪ್ಪಿಕೊಳ್ಳುತ್ತೇವೆ. ನಮ್ಮ ಹಿರಿಯರು ಪ್ರಾಣಿಗಳನ್ನು ಪ್ರೀತಿಸುತ್ತಿದ್ದರು, ತಿನ್ನುತ್ತಲೂ ಇದ್ದರು. ನಮ್ಮ ಹೆಗಲೇರಿ ಕುಳಿತುಕೊಳ್ಳುತ್ತಿದ್ದ ಹುಂಜವೊಂದು ಒಂದು ನತಾಲಿನ ಬೆಳಿಗ್ಗೆ ಕಾಣೆಯಾಗಿ, ಮಧ್ಯಾಹ್ನ ಸನ್ನದ ಜೊತೆ ಸಾರಾಗಿ ಬಂದಾಗ ಮಕ್ಕಳಾರೂ ಉಣ್ಣಲಿಲ್ಲ. ಫ್ರಾನ್ಸಿಸರ ಗೋಡೆಗಳಾದರೂ ಉಣ್ಣುತ್ತಿದ್ದವೇನೋ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾನೂನಿನಿಂದ ನಮ್ಮ ಧರ್ಮಕೇಂದ್ರದ ಅನೇಕ ಗೇಣಿದಾರರು ಉಳುವ ಭೂಮಿಗೆ ಒಡೆಯರಾದರು. ಅದು ಸಂತೋಷದ ವಿಷಯ. ಕಾಲಕ್ರಮದಲ್ಲಿ ಟಿಲ್ಲರು ಬಂದು ಕೋಣಗಳು ಹೋದವು, ಗದ್ದೆಗಳು ಅಡಿಕೆ ತೋಟಗಳಾದವು, ಮಕ್ಕಳು ಗಲ್ಫ್ ದೇಶಗಳಿಗೆ ತೆರಳಿದರು, ಹಟ್ಟಿಯಿದ್ದ ಜಾಗದಲ್ಲಿ ಕಾರು ನಿಂತಿತು. ಇದಕ್ಕಾಗಿ ಯಾರನ್ನೂ ದೂರುವುದು ನ್ಯಾಯವಲ್ಲ. ಸೆಗಣಿ ಬಾಚಿದ ಕೈಗಳಿಗೆ ವಿಶ್ರಾಂತಿ ಸಿಕ್ಕಿತೆಂಬುದನ್ನು ಬಾಚಿದವರೇ ಬಲ್ಲರು. ಕುಸ್ವಾರು ಈಗ ಬೇಕರಿಯಿಂದ ಪೊಟ್ಟಣದಲ್ಲಿ ಬರುತ್ತದೆ. ರುಚಿಗೆ ಕೊರತೆಯಿಲ್ಲ, ಆದರೆ ಆ ಒಂದು ವಾರದ ಸಂಜೆಗಳು ಅದರೊಳಗೆ ಇರುವುದಿಲ್ಲ. ಪೊಟ್ಟಣವನ್ನು ಹಿಂದಿರುಗಿಸಬೇಕಾಗಿಲ್ಲವಾದ್ದರಿಂದ ಮರಳಿ ಬರುವ ತಟ್ಟೆಯ ಮಾತೂ ಇಲ್ಲ. ನೆರೆಯವರ ಮನೆಗೆ ಹೋಗದೆಯೇ ಹಬ್ಬ ಮುಗಿಸುವ ಮನೆಗಳು ನಮ್ಮಲ್ಲಿ ಹೆಚ್ಚಾಗುತ್ತಿವೆ. ನಮಗೆ ಚಿಂತೆಯಾಗಿರುವುದು ಇದೊಂದೇ. ಹೂ ಕೊಯ್ಯಲು ಪರರ ಅಂಗಳಕ್ಕೆ ಹೋಗದ ಮಗುವಿಗೆ ಆ ಮನೆಯವರ ಹೆಸರೂ ತಿಳಿದಿರುವುದಿಲ್ಲ.

ಹಾಗೆಂದು ಎಲ್ಲವೂ ಮುಗಿದಿಲ್ಲ. ಹೊಸ ನಾಯಿಮರಿಯನ್ನು ತಂದ ಮನೆಗೆ ವಾರ್ಡಿನ ಮಕ್ಕಳೆಲ್ಲ ಇಂದೂ ಓಡುತ್ತಾರೆ. ತಳಿ ವಿದೇಶದ್ದಾದರೂ, ಬೆಲೆ ನಮ್ಮ ಕಾಲದ ಜೋಡಿ ಕೋಣಗಳಷ್ಟಾದರೂ, ಹೆಸರಿಡುವ ಗಲಾಟೆ ಹಿಂದಿನಂತೆಯೇ ನಡೆಯುತ್ತದೆ. 2023ರಲ್ಲಿ ಗ್ರೆಚ್ಚಿಯೊದ ಗೋದಲಿಗೆ 800 ವರ್ಷ ತುಂಬಿತು. ನಮ್ಮ ಯುವಕರು ಆ ವರ್ಷದಿಂದ ಇಗರ್ಜಿಯ ಗೋದಲಿಗೆ ಪ್ಲಾಸ್ಟಿಕ್ ಹುಲ್ಲನ್ನು ಬಿಟ್ಟು ನಿಜವಾದ ಬೈಹುಲ್ಲನ್ನೇ ಹಾಸುತ್ತಿದ್ದಾರೆ. ನಮ್ಮ ಬಯಲಿನಲ್ಲಿ ಈಗ ಭತ್ತವಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ಹಣ ಕೊಟ್ಟು ತರಬೇಕಾಗುತ್ತದೆ.

ಗ್ರೆಚ್ಚಿಯೊದ ಗೋದಲಿಯ ಹುಲ್ಲನ್ನು ಜನ ಕಾದಿರಿಸಿ ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರೆಂದೂ, ಅವು ಗುಣಹೊಂದಿದವೆಂದೂ ಚೆಲಾನೊದ ತೋಮಸರು ಬರೆದಿದ್ದಾರೆ. ನಮ್ಮ ಗೋದಲಿಯ ಹುಲ್ಲಿಗೂ ಒಬ್ಬರು ಗಿರಾಕಿ ಇದ್ದಾರೆ. ಇಗರ್ಜಿಯ ಹಿಂದಿನ ಓಣಿಯಲ್ಲಿ ಈಗಲೂ ಒಂದು ಹಸುವನ್ನು ಸಾಕಿಕೊಂಡಿರುವ ವೃದ್ಧೆ ಅವರು, ಗದ್ದೆಯಾಚೆಯ ಆ ಹಳೆಯ ನೆರೆಮನೆಯ ಸೊಸೆ. ಮೂರು ರಾಯರ ಹಬ್ಬ ಕಳೆದ ಮರುದಿನ, ಪ್ರತಿಮೆಗಳನ್ನು ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ, ಅವರು ಹಗ್ಗ ಹಿಡಿದುಕೊಂಡು ಇಗರ್ಜಿಯ ಮೆಟ್ಟಿಲ ಬಳಿ ಬಂದು ನಿಲ್ಲುತ್ತಾರೆ. ಹುಡುಗರು ಹುಲ್ಲನ್ನು ಕಟ್ಟಿ ಅವರ ತಲೆಯ ಮೇಲಿಡುತ್ತಾರೆ. ಕಳೆದ ಬಾರಿ ಅವರು ಬರುವಾಗ ಒಂದು ತಂಬಿಗೆ ಹಾಲು ತಂದಿದ್ದರು. ಹಸು ಈದು ಹದಿನೈದು ದಿನವಾಗಿತ್ತಂತೆ.